ಬೀಜದ ಕುದುರೆಗೆ ತೆರುವ ಹಣ ಯಾವುದರ ಬೆಲೆ?

2025ರ ಋತುವಿಗೆ ಇಂಗ್ಲೆಂಡಿನ ನ್ಯೂಮಾರ್ಕೆಟ್ ಸೀಮೆಯ ಎರಡು ಗಂಡು ಕುದುರೆಗಳ ಸ್ಟಡ್ ಫೀಸು ತಲಾ 3,50,000 ಪೌಂಡ್ ಎಂದು ಪ್ರಕಟವಾಯಿತು. ಒಂದು, ಜಡ್ಮಾಂಟ್ ಸಂಸ್ಥೆಯ ಬ್ಯಾನ್‌ಸ್ಟೆಡ್ ಮ್ಯಾನರ್‌ನಲ್ಲಿರುವ ಫ್ರ್ಯಾಂಕೆಲ್. ಇನ್ನೊಂದು, ಡಾರ್ಲಿ ಸಂಸ್ಥೆಯ ಡಾಲ್ಹಮ್ ಹಾಲ್‌ನ ದುಬಾವಿ. ಅಮೆರಿಕದ ಕೆಂಟಕಿಯಲ್ಲಿ ಸ್ಪೆಂಡ್‌ಥ್ರಿಫ್ಟ್ ಫಾರ್ಮಿನ ಇನ್‌ಟು ಮಿಸ್ಚಿಫ್‌ನ ಫೀಸು 2,50,000 ಡಾಲರ್. ಪೌಂಡಿನ ಲೆಕ್ಕ ರೂಪಾಯಿಗೆ ಬಂದರೆ ಹತ್ತಿರ ಹತ್ತಿರ 4 ಕೋಟಿ. ಇದು ಕುದುರೆಯನ್ನು ಕೊಳ್ಳುವ ಬೆಲೆಯಲ್ಲ, ಒಂದು ಹೆಣ್ಣು ಕುದುರೆ ಒಂದು ಸಲ ಗಬ್ಬವಾಗುವುದಕ್ಕೆ ತೆರುವ ಶುಲ್ಕ. ಹುಟ್ಟುವ ಮರಿ ಓಡೀತೋ ಇಲ್ಲವೋ, ಓಡಿದರೂ ಗೆದ್ದೀತೋ ಇಲ್ಲವೋ ಎಂಬ ಯಾವ ಭರವಸೆಯೂ ಆ ಹಣದಲ್ಲಿ ಸೇರಿಲ್ಲ. ಹಾಗಾದರೆ ಕೊಟ್ಟವರು ಕೊಂಡದ್ದೇನು? ವೇಗವನ್ನು, ಗೆಲ್ಲುವ ರಕ್ತವನ್ನು ಎಂಬುದು ರೂಢಿಯ ಉತ್ತರ. ಕಳೆದ ಅರವತ್ತು ವರ್ಷಗಳ ದಾಖಲೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಆ ಉತ್ತರ ಅರ್ಧಕ್ಕೆ ಮಾತ್ರ ನಿಲ್ಲುತ್ತದೆ. ಸ್ಟಡ್ ಫೀಸು ಮೊದಲಿಗೆ ಅಳೆಯುವುದು ಮರಿಯ ಓಟವನ್ನಲ್ಲ, ಎರಡು ವರ್ಷದ ಆಚೆಗಿನ ಹರಾಜಿನಲ್ಲಿ ಆ ಮರಿಗೆ ಸಿಗಬಹುದಾದ ಬೆಲೆಯನ್ನು. ಉಳ್ಳವರ ನಡುವೆ ಹಣ ಕೈ ಬದಲಾಗುವುದಷ್ಟೇ ಆಗಿದ್ದರೆ ಇದನ್ನು ಯಾರೂ ತಲೆಗೆ ಹಚ್ಚಿಕೊಳ್ಳಬೇಕಿರಲಿಲ್ಲ. ಆದರೆ ಯಾವ ರಕ್ತ ಹರಡಬೇಕು, ಯಾವುದು ಅಳಿಯಬೇಕು ಎಂಬುದನ್ನು ತೀರ್ಮಾನಿಸುತ್ತಿರುವುದೂ ಇದೇ ಫೀಸು. ಆದ್ದರಿಂದ ಇದು ಇಡೀ ತಳಿಯ ಪ್ರಶ್ನೆ.

ಮೊದಲು ವ್ಯವಹಾರದ ಕಟ್ಟು. ನಮ್ಮ ಹೈನುಗಾರಿಕೆಯಲ್ಲಿ ಒಂದು ಹೋರಿಯ ವೀರ್ಯ ಕಡ್ಡಿಗಳಲ್ಲಿ ತುಂಬಿಕೊಂಡು ಊರೂರಿಗೆ ಹೋಗುತ್ತದೆ. ಓಟಕ್ಕೆಂದೇ ಬೆಳೆಸುವ ಥರೋಬ್ರೆಡ್ ತಳಿಯ ಕುದುರೆಗೆ ಆ ದಾರಿ ಮುಚ್ಚಿದೆ. ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮರಿಯನ್ನು ಯಾವ ದೇಶದ ಸ್ಟಡ್ ಬುಕ್ಕೂ, ಅಂದರೆ ತಳಿಯ ದಾಖಲೆ ಪುಸ್ತಕವೂ, ಥರೋಬ್ರೆಡ್ ಎಂದು ದಾಖಲಿಸುವುದಿಲ್ಲ. ಹೆಣ್ಣನ್ನು ಗಂಡಿನ ಬಳಿಗೇ ಕರೆತರಬೇಕು, ಕೂಡುವಿಕೆ ಸಹಜವಾಗಿಯೇ ನಡೆಯಬೇಕು. ಗರ್ಭದ ಅವಧಿ 11 ತಿಂಗಳು. ಉತ್ತರ ಗೋಳಾರ್ಧದಲ್ಲಿ ಎಲ್ಲ ಮರಿಗಳಿಗೂ ಜನವರಿ 1ಕ್ಕೆ ಒಂದು ವರ್ಷ ತುಂಬಿತೆಂದು ಎಣಿಸುವುದರಿಂದ ಸಂತಾನ ಋತು ಫೆಬ್ರುವರಿ ನಡುವಿನಲ್ಲಿ ಆರಂಭವಾಗಿ ಜುಲೈ ಹೊತ್ತಿಗೆ ಮುಗಿಯುತ್ತದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಮರಿ ಹುಟ್ಟಿ, ಎದ್ದು ನಿಂತು, ತಾಯಿಯ ಹಾಲು ಕುಡಿದ ಮೇಲೆ ಫೀಸು ಸಲ್ಲುತ್ತದೆ. ಯೂರೋಪಿನಲ್ಲಿ ಅಕ್ಟೋಬರ್ 1ಕ್ಕೆ ಗಬ್ಬ ನಿಂತಿದ್ದರೆ ಸಲ್ಲಿಸುವ ಕರಾರು ಹೆಚ್ಚು ಬಳಕೆಯಲ್ಲಿದೆ. ಪ್ರಕಟವಾದ ದರವೇ ಕೈ ಸೇರಿದ ದರವೆಂದು ನಂಬುವಂತಿಲ್ಲ. ಒಳ್ಳೆಯ ಹೆಣ್ಣು ಕುದುರೆ ತಂದವರಿಗೆ ರಿಯಾಯಿತಿ ಇರುತ್ತದೆ, ಫೀಸಿನ ಬದಲು ಮರಿಯಲ್ಲೇ ಪಾಲು ಮಾಡಿಕೊಳ್ಳುವ ಒಪ್ಪಂದ ಇರುತ್ತದೆ. ಐರ್ಲೆಂಡಿನ ಕೂಲ್‌ಮೋರ್ ತನ್ನ ಗೆಲಿಲಿಯೊ ಕುದುರೆಯ ಫೀಸನ್ನು 2008ರಿಂದ ಪ್ರಕಟಿಸುವುದನ್ನೇ ಬಿಟ್ಟಿತು. 2021ರಲ್ಲಿ ಆ ಕುದುರೆ ಸಾಯುವವರೆಗೂ ಅದು ಗುಟ್ಟಾಗಿಯೇ ಉಳಿಯಿತು. ಇಷ್ಟು ಅರೆಗತ್ತಲಿನಲ್ಲಿ ನಡೆಯುವ ವ್ಯಾಪಾರದಲ್ಲಿ ದರಪಟ್ಟಿಯನ್ನು ಗುಣಪಟ್ಟಿ ಎಂದು ಓದುವುದು ಮೊದಲ ತಪ್ಪು.

ಈ ವ್ಯಾಪಾರದ ಅತಿ ವಿಚಿತ್ರ ಗುಣವೆಂದರೆ ತಿಳಿವಳಿಕೆ ಅತಿ ಕಡಿಮೆ ಇರುವ ಹೊತ್ತಿನಲ್ಲೇ ಬೆಲೆ ಏರಿರುವುದು. ಫ್ರ್ಯಾಂಕೆಲ್‌ನ ಕಾಲಾನುಕ್ರಮ ನೋಡಿ. ಓಡಿದ 14 ಓಟಗಳನ್ನೂ ಗೆದ್ದು 2012ರ ಅಕ್ಟೋಬರಿನಲ್ಲಿ ನಿವೃತ್ತಿಯಾಯಿತು. 2013ರಲ್ಲಿ 1,25,000 ಪೌಂಡಿಗೆ ಸ್ಟಡ್ ಕೆಲಸ ಶುರುವಾಯಿತು. 2014ರಲ್ಲಿ ಮೊದಲ ಮರಿಗಳು ಹುಟ್ಟಿದವು, 2015ರಲ್ಲಿ ಅವು ಒಂದು ವರ್ಷದ ಯರ್ಲಿಂಗ್‌ಗಳಾಗಿ ಹರಾಜಿಗೆ ಬಂದವು, 2016ರಲ್ಲಷ್ಟೇ ಓಟದ ಅಂಗಳಕ್ಕಿಳಿದವು. ಅಂದರೆ ಒಂದು ಮರಿಯೂ ಓಡಿ ತೋರಿಸುವ ಮೊದಲೇ ನಾಲ್ಕು ಋತುಗಳ ಹೆಣ್ಣು ಕುದುರೆಗಳು ಅಷ್ಟು ಹಣ ತೆತ್ತು ಬಂದಿದ್ದವು. ಫ್ರ್ಯಾಂಕೆಲ್ ಆ ನಂಬಿಕೆಯನ್ನು ಉಳಿಸಿಕೊಂಡಿತು, 2021ರಲ್ಲಿ ಬ್ರಿಟನ್-ಐರ್ಲೆಂಡಿನ ಚಾಂಪಿಯನ್ ಸೈರ್, ಅಂದರೆ ಮಕ್ಕಳ ಗಳಿಕೆಯಲ್ಲಿ ಮೊದಲ ಸ್ಥಾನದ ತಂದೆ ಕುದುರೆ ಆಯಿತು. ಆದರೆ ನಂಬಿಕೆಯ ಬೆಲೆ ಸಾಧನೆಗಿಂತ ಮುಂಚೆಯೇ ಕಟ್ಟಿ ಆಗಿತ್ತು ಎಂಬುದು ಬದಲಾಗುವುದಿಲ್ಲ. ಅಮೆರಿಕದ ಫ್ಲೈಟ್‌ಲೈನ್ ಇನ್ನೂ ತೀಕ್ಷ್ಣ ಉದಾಹರಣೆ. ಬರೀ ಆರು ಓಟ, ಆರೂ ಗೆಲುವು. 2022ರ ನವೆಂಬರಿನಲ್ಲಿ ಕೀನ್‌ಲ್ಯಾಂಡ್ ಹರಾಜಿನಲ್ಲಿ ಅದರ ಶೇ. 2.5ರ ಪಾಲು 46 ಲಕ್ಷ ಡಾಲರಿಗೆ ಹೋಯಿತು. ಆ ಲೆಕ್ಕದಲ್ಲಿ ಇಡೀ ಕುದುರೆಯ ಮೌಲ್ಯ 18.4 ಕೋಟಿ ಡಾಲರ್. ಒಂದು ಹೆಣ್ಣು ಕುದುರೆಯೂ ಅದರಿಂದ ಗಬ್ಬ ಕಟ್ಟಿರದ ಹೊತ್ತಿನ ಮೌಲ್ಯ ಅದು. ಮಾರಾಟಕ್ಕೆಂದೇ ಮರಿ ಮಾಡಿಸುವ ತಳಿಗಾರರು ಹೊಸ ಕುದುರೆಯತ್ತ ನುಗ್ಗುವುದಕ್ಕೆ ಕಾರಣ ಸರಳ: ಸೋತ ಮರಿಗಳ ಪಟ್ಟಿ ಇನ್ನೂ ಅದಕ್ಕೆ ಅಂಟಿಕೊಂಡಿಲ್ಲ. ಮೂರನೆಯ, ನಾಲ್ಕನೆಯ ವರ್ಷಕ್ಕೆ ಅದೇ ತಳಿಗಾರರು ಅಲ್ಲಿಂದ ಕಾಲು ಕೀಳುತ್ತಾರೆ. ಏಕೆಂದರೆ ಆಗ ಗಬ್ಬದಲ್ಲಿ ನಿಂತ ಮರಿ ಹರಾಜಿಗೆ ಬರುವ ವೇಳೆಗೆ ತಂದೆಯ ಮೊದಲ ಮರಿಗಳು ಓಡಿ ಸತ್ಯ ಹೊರಬಿದ್ದಿರುತ್ತದೆ. ಸತ್ಯ ಹೊರಬೀಳುವ ಕಾಲಕ್ಕೆ ಅಂಜುವ ಮಾರುಕಟ್ಟೆ ವೇಗಕ್ಕೆ ಬೆಲೆ ಕಟ್ಟುತ್ತಿದೆ ಎಂದು ಒಪ್ಪುವುದು ಕಷ್ಟ.

ಫೀಸಿಗೂ ರಕ್ತಗುಣಕ್ಕೂ ಇರುವ ನಂಟನ್ನು ವಿಜ್ಞಾನದ ಒರೆಗೆ ಹಚ್ಚಿದ್ದೂ ಉಂಟು. ಎಡಿನ್‌ಬರೊ ವಿಶ್ವವಿದ್ಯಾಲಯದ ಅಲೆಸ್ಟರ್ ವಿಲ್ಸನ್ ಮತ್ತು ಆಂಡ್ರ್ಯೂ ರ್‍ಯಾಂಬಾಟ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4,000ಕ್ಕೂ ಹೆಚ್ಚು ಕುದುರೆಗಳ ಗಳಿಕೆಯನ್ನು ವಂಶಾವಳಿಯೊಂದಿಗೆ ಹೋಲಿಸಿದರು. ಜೀವಮಾನದ ಗಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ವಂಶದ ಪಾಲು ಸುಮಾರು ಶೇ. 10 ಮಾತ್ರ ಎಂದು ಕಂಡರು. ದುಬಾರಿ ಕುದುರೆಯ ಮಕ್ಕಳು ಸರಾಸರಿಯಲ್ಲಿ ಹೆಚ್ಚು ಗಳಿಸುವುದು ನಿಜ. ಆದರೆ ಅಷ್ಟು ಫೀಸು ಕೊಡಬಲ್ಲವರು ಒಳ್ಳೆಯ ತರಬೇತಿ, ಮೇವು, ಸವಾರರನ್ನೂ ಕೊಡಬಲ್ಲರು, ಮೇಲುಗೈ ಬಹುಮಟ್ಟಿಗೆ ಅಲ್ಲಿಂದ ಬಂದದ್ದು ಎಂಬುದು ಅವರ ವಾದ. ಇದಕ್ಕೆ ತಳಿಗಾರರು ಎತ್ತುವ ಆಕ್ಷೇಪ ತೂಕವುಳ್ಳದ್ದು. ಬಹುಮಾನದ ಹಣ ಓಟದ ಗುಣಕ್ಕೆ ಒರಟಾದ ಅಳತೆ, ಒಂದೇ ದೊಡ್ಡ ಓಟ ಲೆಕ್ಕವನ್ನೆಲ್ಲ ಬುಡಮೇಲು ಮಾಡಬಲ್ಲದು. ಕುದುರೆಯ ರೇಟಿಂಗ್ ಆಧರಿಸಿದ ಅಧ್ಯಯನಗಳಲ್ಲಿ ವಂಶದ ಪಾಲು ಇದಕ್ಕಿಂತ ಹೆಚ್ಚೇ ಕಂಡಿದೆ. ಮೇಲಾಗಿ ದೊಡ್ಡ ಫೀಸು ಕೊಡುವವರು ಸರಾಸರಿ ಮರಿಗಾಗಿ ಕೊಡುವುದಿಲ್ಲ, ನೂರರಲ್ಲಿ ಒಂದಾಗಿ ಬರುವ ಅಸಾಧಾರಣ ಮರಿಗಾಗಿ ಕೊಡುತ್ತಾರೆ. ಈ ಆಕ್ಷೇಪವನ್ನು ಒಪ್ಪಿದರೂ ಎರಡು ಸಂಗತಿ ಉಳಿಯುತ್ತವೆ. ಫ್ರ್ಯಾಂಕೆಲ್‌ಗೆ ನೋಬಲ್ ಮಿಷನ್ ಎಂಬ ಒಡಹುಟ್ಟಿದ ತಮ್ಮನಿದ್ದ. ತಂದೆ ಅದೇ ಗೆಲಿಲಿಯೊ, ತಾಯಿ ಅದೇ ಕೈಂಡ್. ಅತ್ಯುನ್ನತ ದರ್ಜೆಯ ಓಟ ಗೆದ್ದವನು, ಅಮೆರಿಕದ ಟ್ರ್ಯಾವರ್ಸ್ ಸ್ಟೇಕ್ಸ್ ಗೆದ್ದ ಕೋಡ್ ಆಫ್ ಆನರ್‌ನ ತಂದೆ. ಕಾಗದದ ಮೇಲಿನ ವಂಶಾವಳಿಯಲ್ಲಿ ಒಂದಕ್ಷರದ ವ್ಯತ್ಯಾಸವಿಲ್ಲದಿದ್ದರೂ ಅವನ ಫೀಸು ಅಣ್ಣನ ಹತ್ತಿರಕ್ಕೂ ಸುಳಿಯಲಿಲ್ಲ, ಕೊನೆಗೆ ಅವನು ಜಪಾನಿಗೆ ಮಾರಾಟವಾದ. ಓಟದ ಮೈದಾನದಲ್ಲಿ ಇಬ್ಬರಿಗೂ ಅಂತರವಿತ್ತು ನಿಜ, ಆದರೆ ಫೀಸಿನ ಅಂತರ ಆ ಅಂತರಕ್ಕಿಂತ ಎಷ್ಟೋ ಪಾಲು ದೊಡ್ಡದು. ಎರಡನೆಯದು, ಮರಿಯ ಅರ್ಧ ರಕ್ತ ತಾಯಿಯದು. ಫೀಸು ಏರಿದಂತೆ ಬರುವ ಹೆಣ್ಣು ಕುದುರೆಗಳ ದರ್ಜೆಯೂ ಏರುತ್ತದೆ. ಹಾಗೆ ಬಂದ ಯಶಸ್ಸನ್ನು ಪೂರ್ತಿ ಗಂಡಿನ ಖಾತೆಗೆ ಬರೆದು ಮತ್ತೆ ಫೀಸು ಏರಿಸಿದರೆ, ಕಾರಣ ಯಾವುದು ಪರಿಣಾಮ ಯಾವುದು ಎಂದು ಬೇರ್ಪಡಿಸುವುದೇ ಸಾಧ್ಯವಾಗುವುದಿಲ್ಲ.

ಮಾರುಕಟ್ಟೆಯನ್ನು ಸಮರ್ಥಿಸುವವರ ಅತಿ ಗಟ್ಟಿ ವಾದವೊಂದಿದೆ, ಅದನ್ನು ಎದುರಿಸದೆ ಮುಂದೆ ಹೋಗಲಾಗದು. ಮೊದಲ ಬೆಲೆ ತಪ್ಪಾಗಿದ್ದರೂ ಕಾಲ ಅದನ್ನು ತಿದ್ದುತ್ತದೆ ಎನ್ನುತ್ತಾರೆ ಅವರು. ಉದಾಹರಣೆಗಳು ಅವರ ಕಡೆ ಬೇಕಾದಷ್ಟಿವೆ. ಅಮೆರಿಕದ ಸ್ಟಾರ್ಮ್ ಕ್ಯಾಟ್ 30,000 ಡಾಲರಿನಿಂದ ಶುರುಮಾಡಿ, ನಡುವೆ ಇಳಿದು, 2002ರಲ್ಲಿ 5,00,000 ಡಾಲರ್ ಮುಟ್ಟಿತು. ಟ್ಯಾಪಿಟ್ 15,000ದಿಂದ 3,00,000ಕ್ಕೆ ಏರಿತು. ದುಬಾವಿಯ ಕಥೆಯಂತೂ ಮನ ತಟ್ಟುವಂಥದ್ದು. ಅದರ ತಂದೆ ದುಬೈ ಮಿಲೇನಿಯಮ್ ಮೊದಲ ಋತುವಿನ ನಡುವೆಯೇ 2001ರಲ್ಲಿ ಕಾಯಿಲೆಯಿಂದ ಸತ್ತಿತು. ಉಳಿದ ಐವತ್ತು ಚಿಲ್ಲರೆ ಮರಿಗಳಲ್ಲಿ ಇದೊಂದು. 2006ರಲ್ಲಿ 25,000 ಪೌಂಡಿಗೆ ಸ್ಟಡ್‌ಗೆ ಬಂದು 15,000ಕ್ಕೆ ಇಳಿದಿದ್ದ ಈ ಕುದುರೆ, ಮಕ್ಕಳ ಓಟದ ಬಲದಿಂದಲೇ ಮೊದಲ ಸ್ಥಾನಕ್ಕೆ ಬಂತು. ಇನ್‌ಟು ಮಿಸ್ಚಿಫ್ 2009ರಲ್ಲಿ 12,500 ಡಾಲರ್, 2012ರಲ್ಲಿ 7,500. ಬರುವವರಿಲ್ಲದ ಕಾಲದಲ್ಲಿ ಸ್ಪೆಂಡ್‌ಥ್ರಿಫ್ಟಿನ ಮಾಲೀಕ ವೇಯ್ನ್ ಹ್ಯೂಸ್, ಎರಡು ವರ್ಷ ಹೆಣ್ಣು ಕುದುರೆ ಕಳಿಸಿದವರಿಗೆ ಮುಂದೆ ಜೀವಮಾನದ ಹಕ್ಕು ಕೊಡುವ ಯೋಜನೆ ಹೂಡಬೇಕಾಯಿತು. ಮೊದಲ ಮರಿಗಳಲ್ಲೇ ಗೋಲ್ಡನ್‌ಸೆಂಟ್ಸ್ ಬಂತು, 2019ರಿಂದ 2024ರವರೆಗೆ ಸತತ ಆರು ವರ್ಷ ಉತ್ತರ ಅಮೆರಿಕದ ಅಗ್ರ ಸೈರ್ ಪಟ್ಟ ಬಂತು. ಇವೆಲ್ಲ ನಿಜ. ಆದರೆ ಇವು ಉಳಿದುಕೊಂಡವರ ಕಥೆಗಳು. ಅಗ್ಗದ ಫೀಸಿಗೆ ಇಳಿದ ಕುದುರೆಗೆ ಎರಡನೇ ಅವಕಾಶ ಸಿಗಬೇಕಾದರೆ ಹಿಂದೆ ಹ್ಯೂಸ್‌ರಂಥ ತಾಳ್ಮೆಯ ಒಡೆಯರೋ ಡಾರ್ಲಿಯಂಥ ಸ್ವಂತ ಹೆಣ್ಣು ಕುದುರೆಗಳ ದೊಡ್ಡ ಸಂಸ್ಥೆಯೋ ಇರಬೇಕು. ಇಲ್ಲದವು ಪರೀಕ್ಷೆಗೆ ಕೂರುವ ಮೊದಲೇ ಹೊರದೇಶಕ್ಕೆ ಸಾಗುತ್ತವೆ. 1989ರ ಕೆಂಟಕಿ ಡರ್ಬಿ, ಪ್ರೀಕ್ನೆಸ್, ಬ್ರೀಡರ್ಸ್ ಕಪ್ ಕ್ಲಾಸಿಕ್ ಮೂರನ್ನೂ ಗೆದ್ದ ಸಂಡೇ ಸೈಲೆನ್ಸ್‌ಗೆ ಅಮೆರಿಕದ ತಳಿಗಾರರು ಬೆನ್ನು ಹಾಕಿದರು. ತಾಯಿಯ ಕಡೆಯ ವಂಶ ಫ್ಯಾಷನ್ನಿನದಲ್ಲ, ಹಿಂಗಾಲಿನ ಕಟ್ಟು ಸರಿಯಿಲ್ಲ ಎಂಬುದು ಅವರ ತಕರಾರು. ಜಪಾನಿನ ಝೆನ್ಯಾ ಯೋಶಿದಾ ಅದನ್ನು ಕೊಂಡು ಹೊಕ್ಕೈಡೊದ ಶಾದಾಯ್ ಫಾರ್ಮಿಗೆ ಒಯ್ದರು. 1995ರಿಂದ 2007ರವರೆಗೆ 13 ವರ್ಷ ಅದು ಅಲ್ಲಿನ ಅಗ್ರ ಸೈರ್, ಅದರ ಮಗ ಡೀಪ್ ಇಂಪ್ಯಾಕ್ಟ್ ಮುಂದೆ 4 ಕೋಟಿ ಯೆನ್ ಫೀಸಿನ ಕುದುರೆ. ಜಪಾನಿನ ಕುದುರೆಗಳು ಇಂದು ಜಗತ್ತಿನೆದುರು ಎದೆಯುಬ್ಬಿಸಿ ಓಡುತ್ತಿರುವುದಕ್ಕೆ ಕೆಂಟಕಿ ಬೇಡವೆಂದ ಒಂದು ಕುದುರೆ ಬಹುದೊಡ್ಡ ಕಾರಣ. ಮಾರುಕಟ್ಟೆ ತನ್ನ ತಪ್ಪನ್ನು ತಿದ್ದಿಕೊಂಡಿತು ಎನ್ನಲು ಬರುವುದಿಲ್ಲ, ಆ ತಪ್ಪಿನ ಲಾಭ ಬೇರೆ ದೇಶಕ್ಕೆ ಹೋಯಿತು.

ಹರಾಜಿನ ಬೆಲೆಯೇ ಫೀಸನ್ನು ಎಳೆದುಕೊಂಡು ಹೋದರೆ ಏನಾಗುತ್ತದೆ ಎಂಬುದಕ್ಕೆ 1980ರ ದಶಕ ಸಾಕ್ಷಿ. ಕೆನಡಾದ ಇ. ಪಿ. ಟೇಲರ್ ಅವರ ನಾರ್ದರ್ನ್ ಡ್ಯಾನ್ಸರ್ 1964ರ ಕೆಂಟಕಿ ಡರ್ಬಿಯನ್ನು ಸರಿಯಾಗಿ 2 ನಿಮಿಷದಲ್ಲಿ ಗೆದ್ದ ಗಿಡ್ಡ ಕುದುರೆ. 1965ರಲ್ಲಿ 10,000 ಡಾಲರ್ ಫೀಸಿಗೆ ಶುರುಮಾಡಿತು. ಐರ್ಲೆಂಡಿನ ವಿನ್ಸೆಂಟ್ ಒ'ಬ್ರಯನ್, ಜಾನ್ ಮ್ಯಾಗ್ನಿಯರ್, ಇಂಗ್ಲೆಂಡಿನ ರಾಬರ್ಟ್ ಸ್ಯಾಂಗ್‌ಸ್ಟರ್ ಒಂದು ಕಡೆ, ದುಬೈನ ಶೇಖ್ ಮೊಹಮ್ಮದ್ ಮತ್ತೊಂದು ಕಡೆ ನಿಂತು ಅದರ ಮಕ್ಕಳಿಗಾಗಿ ಪೈಪೋಟಿಗಿಳಿದ ಮೇಲೆ, ಗಬ್ಬ ನಿಲ್ಲುವ ಭರವಸೆಯೂ ಇಲ್ಲದ ಒಂದು ಕೂಡುವಿಕೆಗೆ 5 ಲಕ್ಷ ಡಾಲರಿಗೂ ಮೀರಿ ಹಣ ಸುರಿಯುವವರು ಬಂದರು. 1983ರಲ್ಲಿ ಅದರ ಒಂದು ಗಂಡು ಮರಿ 1.02 ಕೋಟಿ ಡಾಲರಿಗೆ ಹೋಯಿತು. ಸ್ನಾಫಿ ಡ್ಯಾನ್ಸರ್ ಎಂಬ ಆ ಮರಿ ಒಂದು ಓಟವನ್ನೂ ಓಡಲಿಲ್ಲ, ಸ್ಟಡ್‌ನಲ್ಲಿ ಫಲವಂತಿಕೆಯೂ ತೀರ ಕಡಿಮೆಯಿತ್ತು. 1985ರಲ್ಲಿ ನಿಜಿನ್‌ಸ್ಕಿಯ ಮಗ ಸಿಯಾಟಲ್ ಡ್ಯಾನ್ಸರ್‌ಗೆ 1.31 ಕೋಟಿ. ನಂತರ ಕುಸಿತ. ಫೀಸಿನ ಮುಂದಿನ ಆದಾಯವನ್ನೇ ಆಧಾರ ತೋರಿಸಿ ಸಾಲ ಎತ್ತಿದ್ದ ಫಾರ್ಮುಗಳು ಒಂದೊಂದಾಗಿ ಮುಳುಗಿದವು. ಎಂಟು ಡರ್ಬಿ ವಿಜೇತರ ತವರಾದ ಕೆಲ್ಯುಮೆಟ್ ಫಾರ್ಮ್, ತನ್ನ ಸಂಪಾದನೆಯ ಬುಡವೇ ಆಗಿದ್ದ ಆಲಿಡಾರ್ 1990ರ ನವೆಂಬರಿನಲ್ಲಿ ಕಾಲು ಮುರಿದು ಸತ್ತ ಮರು ವರ್ಷವೇ ದಿವಾಳಿಯಾಯಿತು. ಒಂದು ಪ್ರಾಣಿಯ ಮೈಮೇಲೆ ಬ್ಯಾಂಕುಗಳು ಅಷ್ಟು ಭಾರ ಹೇರಿದ್ದ ಕಾಲವನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಪಾಠ ಕಲಿತರೇ? 2006ರಲ್ಲಿ ದ ಗ್ರೀನ್ ಮಂಕಿ ಎಂಬ ಎರಡು ವರ್ಷದ ಕುದುರೆ 1.6 ಕೋಟಿ ಡಾಲರಿಗೆ ಮಾರಾಟವಾಗಿ, ಮೂರು ಓಟ ಓಡಿ, ಒಂದನ್ನೂ ಗೆಲ್ಲದೆ ನಿವೃತ್ತವಾಯಿತು.

ಹಣದ ನಷ್ಟವನ್ನು ಹಣವುಳ್ಳವರು ಹೊರುತ್ತಾರೆ. ತಳಿಗೆ ಆಗುವ ನಷ್ಟ ಬೇರೆ ಬಗೆಯದು, ನನ್ನ ಕಳವಳವೆಲ್ಲ ಅಲ್ಲೇ ಇದೆ. ನಾರ್ದರ್ನ್ ಡ್ಯಾನ್ಸರ್ ಕಾಲದಲ್ಲಿ ಒಂದು ಗಂಡು ಕುದುರೆಗೆ ವರ್ಷಕ್ಕೆ ನಲವತ್ತರ ಆಸುಪಾಸಿನ ಹೆಣ್ಣು ಕುದುರೆಗಳು ಸಾಕೆಂಬ ರೂಢಿಯಿತ್ತು. 1973ರಲ್ಲಿ ಸೆಕ್ರೆಟೇರಿಯಟ್ ಅನ್ನು 60.8 ಲಕ್ಷ ಡಾಲರಿಗೆ ಪಾಲು ಮಾಡಿದಾಗ ಇದ್ದದ್ದು 32 ಪಾಲು. ಅಲ್ಟ್ರಾಸೌಂಡ್ ಬಂದು ಹೆಣ್ಣಿನ ಅಂಡ ಬಿಡುಗಡೆಯ ಹೊತ್ತನ್ನು ಗುರುತಿಸುವುದು ಸುಲಭವಾದ ಮೇಲೆ ಒಂದೇ ಕೂಡುವಿಕೆಗೆ ಗಬ್ಬ ನಿಲ್ಲತೊಡಗಿತು, ಒಂದು ಗಂಡು ಋತುವಿಗೆ 150, 200 ಹೆಣ್ಣುಗಳನ್ನು ಮೀರಿತು. ಜೊತೆಗೆ ವಿಮಾನ ಬಂತು. ಡೇನ್‌ಹಿಲ್‌ನಂಥ ಕುದುರೆ ಉತ್ತರದ ಋತು ಮುಗಿಸಿ ಆಸ್ಟ್ರೇಲಿಯಾಕ್ಕೆ ಹಾರಿ ಅಲ್ಲಿ ಇನ್ನೊಂದು ಋತು ನಡೆಸಿತು, ಒಂಬತ್ತು ಸಲ ಅಲ್ಲಿನ ಚಾಂಪಿಯನ್ ಸೈರ್ ಆಯಿತು. ಕೃತಕ ಗರ್ಭಧಾರಣೆಯ ನಿಷೇಧ ಕಾಗದದ ಮೇಲೆ ಹಾಗೇ ಇದೆ, ಆದರೆ ಒಂದೇ ರಕ್ತ ಎಲ್ಲೆಡೆ ಹಬ್ಬದಂತೆ ಅದು ಹಾಕಿದ್ದ ತಡೆ ಸಡಿಲಿತು. ಅಮೆರಿಕದ ಸ್ಟಡ್ ಬುಕ್ ನಡೆಸುವ ಜಾಕಿ ಕ್ಲಬ್ ಕೊಟ್ಟ ಅಂಕಿಗಳು ಇದನ್ನು ಸ್ಪಷ್ಟಪಡಿಸುತ್ತವೆ. 2007ರಲ್ಲಿ 140ಕ್ಕಿಂತ ಹೆಚ್ಚು ಹೆಣ್ಣುಗಳನ್ನು ಕೂಡಿದ ಗಂಡು ಕುದುರೆಗಳ ಪಾಲಿಗೆ ಬಂದದ್ದು ಒಟ್ಟು ಹೆಣ್ಣು ಕುದುರೆಗಳಲ್ಲಿ ಶೇ. 9.5. 2019ಕ್ಕೆ ಅದು ಶೇ. 27. ಅದೇ ಅವಧಿಯಲ್ಲಿ ಗಂಡು ಕುದುರೆಗಳ ಒಟ್ಟು ಸಂಖ್ಯೆ 3,865ರಿಂದ ಸುಮಾರು 1,500ಕ್ಕೆ ಇಳಿಯಿತು. ಪರಿಣಾಮ ಎಲ್ಲರ ರಕ್ತದಲ್ಲೂ ಕಾಣುತ್ತದೆ. ಡಬ್ಲಿನ್‌ನ ಸಂಶೋಧಕರು 2020ರಲ್ಲಿ 10,000ಕ್ಕೂ ಹೆಚ್ಚು ಕುದುರೆಗಳ ವಂಶವಾಹಿಗಳನ್ನು ಪರಿಶೀಲಿಸಿದಾಗ ಶೇ. 97ರ ವಂಶಾವಳಿಯಲ್ಲಿ ನಾರ್ದರ್ನ್ ಡ್ಯಾನ್ಸರ್ ಸಿಕ್ಕಿತು. ಒಳಸಂತಾನದ ಮಟ್ಟ ದಶಕದಿಂದ ದಶಕಕ್ಕೆ ಏರಿದೆ ಎಂದೂ ಕಂಡಿತು. ಒಳಸಂತಾನ ಹೆಚ್ಚಿದಷ್ಟೂ ಮರಿ ಓಟದ ಅಂಗಳಕ್ಕೇ ಬರುವ ಸಂಭವ ಕುಗ್ಗುತ್ತದೆ ಎಂಬುದು ಅದೇ ವಲಯದ ಮುಂದಿನ ಸಂಶೋಧನೆ ತೋರಿಸಿದ ಸಂಗತಿ.

ಜಾಕಿ ಕ್ಲಬ್ 2020ರಲ್ಲಿ ಒಂದು ನಿಯಮ ತಂದಿತು: ಆ ವರ್ಷದಿಂದ ಹುಟ್ಟುವ ಗಂಡು ಕುದುರೆಗಳು ಮುಂದೆ ಸ್ಟಡ್‌ಗೆ ಬಂದಾಗ ವರ್ಷಕ್ಕೆ 140 ಹೆಣ್ಣುಗಳಿಗೆ ಮಿತಿ. ಸ್ಪೆಂಡ್‌ಥ್ರಿಫ್ಟ್, ಆ್ಯಶ್‌ಫರ್ಡ್, ತ್ರೀ ಚಿಮ್ನೀಸ್ ಫಾರ್ಮುಗಳು ನ್ಯಾಯಾಲಯಕ್ಕೆ ಹೋದವು. ಕೆಂಟಕಿಯ ಶಾಸನಸಭೆಯಲ್ಲಿ ಅದರ ವಿರುದ್ಧ ಮಸೂದೆ ಎದ್ದಿತು. 2022ರ ಫೆಬ್ರುವರಿಯಲ್ಲಿ ಕ್ಲಬ್ ನಿಯಮವನ್ನು ಹಿಂತೆಗೆದುಕೊಂಡಿತು. ವಿರೋಧಿಗಳ ವಾದದಲ್ಲಿ ಒಂದು ಮಾತು ಸಣ್ಣ ತಳಿಗಾರರ ಪರವಾಗಿತ್ತು: ಸಂಖ್ಯೆ ಕಡಿಮೆಯಾದರೆ ಫೀಸು ಇನ್ನೂ ಏರುತ್ತದೆ, ಆಗ ಒಳ್ಳೆಯ ರಕ್ತ ದೊಡ್ಡವರ ಪಾಲಾಗುತ್ತದೆ. ಇದು ತಳ್ಳಿಹಾಕುವ ಮಾತಲ್ಲ, ಮೇಲಿನ ನಾಲ್ಕಾರು ಕುದುರೆಗಳ ಮಟ್ಟಿಗೆ ಫೀಸು ಏರಲೂಬಹುದು. ಆದರೆ ಅವುಗಳ ಬಾಗಿಲಲ್ಲಿ ಜಾಗ ಸಿಗದ ಹೆಣ್ಣು ಕುದುರೆಗಳು ಬೇರೆ ಗಂಡುಗಳ ಬಳಿ ಹೋಗಲೇಬೇಕಾಗುತ್ತದೆ. ಇಂದು ಮೂರನೇ ವರ್ಷಕ್ಕೇ ಕೈಬಿಟ್ಟುಹೋಗುವ ಕುದುರೆಗಳಿಗೆ ಆಗ ಉಸಿರಾಡಲು ಕಾಲಾವಕಾಶ ಸಿಗುತ್ತದೆ. ಜಸ್ಟಿಫೈ ಇದಕ್ಕೆ ಹೊಂದುವ ಉದಾಹರಣೆ. 2018ರ ತ್ರಿವಳಿ ಕಿರೀಟದ ಈ ಕುದುರೆ 1,50,000 ಡಾಲರಿನಿಂದ 1,00,000ಕ್ಕೆ ಇಳಿದಿತ್ತು. ಬಲವಾದ ಸಂಸ್ಥೆ ಬೆನ್ನಿಗಿದ್ದದ್ದರಿಂದ ಕಾದು ನಿಂತು, 2024ರಲ್ಲಿ ಫೀಸು 2,00,000ಕ್ಕೆ ಏರಿತು, ಅದೇ ಬೇಸಿಗೆಯಲ್ಲಿ ಮಗ ಸಿಟಿ ಆಫ್ ಟ್ರಾಯ್ ಎಪ್ಸಮ್ ಡರ್ಬಿ ಗೆದ್ದಿತು. ಕಾಯುವ ಅವಕಾಶ ದೊಡ್ಡ ಸಂಸ್ಥೆಯ ಕುದುರೆಗಳಿಗೆ ಮಾತ್ರ ಯಾಕಿರಬೇಕು? ಮಿತಿ ಹಾಕಿದರೆ ಉದ್ಯಮವೇ ಕುಸಿಯುತ್ತದೆ ಎಂಬ ಭಯಕ್ಕೂ ಉತ್ತರ ಪಕ್ಕದಲ್ಲೇ ಇದೆ. ಗಾಡಿ ಎಳೆದು ಓಡುವ ಸ್ಟ್ಯಾಂಡರ್ಡ್‌ಬ್ರೆಡ್ ತಳಿಗೆ ಅಮೆರಿಕದ ಟ್ರಾಟಿಂಗ್ ಸಂಘ 2009ರಿಂದ ಹೊಸ ಗಂಡು ಕುದುರೆಗಳಿಗೆ ಇದೇ 140ರ ಮಿತಿ ಹಾಕಿತು, ಆ ಓಟಗಳು ಇಂದಿಗೂ ನಡೆಯುತ್ತಿವೆ.

ಇದು ದೂರದ ಕೆಂಟಕಿ, ಐರ್ಲೆಂಡುಗಳ ಜಗಳವೆಂದು ನಾವು ಬಿಡುವಂತಿಲ್ಲ. ಭಾರತದ ಥರೋಬ್ರೆಡ್ ತಳಿ ಹೊರಗಿನಿಂದ ಬಂದ ಗಂಡು ಕುದುರೆಗಳ ಮೇಲೇ ನಿಂತಿದೆ. ಅವುಗಳಲ್ಲಿ ಬಹಳಷ್ಟು, ವಂಶ ದೊಡ್ಡದಾಗಿದ್ದೂ ಅಲ್ಲಿನ ಮಾರುಕಟ್ಟೆಗೆ ಬೇಡವಾದವು. 1990ರ ಎಪ್ಸಮ್ ಡರ್ಬಿಯಲ್ಲಿ ನೆಚ್ಚಿನ ಕುದುರೆಯಾಗಿ ಓಡಿ ಸೋತ ರಜೀನ್, ಉಷಾ ಸ್ಟಡ್‌ಗೆ ಬಂದು ವರ್ಷಗಟ್ಟಲೆ ಭಾರತದ ಅಗ್ರ ಸೈರ್ ಆಗಿ ಮೆರೆಯಿತು. ಅದು ನಾರ್ದರ್ನ್ ಡ್ಯಾನ್ಸರ್‌ನ ಮಗ. ಅಲ್ಲೇ ನಂತರ ಅಗ್ರಸ್ಥಾನಕ್ಕೆ ಬಂದ ಮಲ್ಟಿಡೈಮೆನ್ಷನಲ್ ಡೇನ್‌ಹಿಲ್‌ನ ಮಗ, ಡೇನ್‌ಹಿಲ್ ನಾರ್ದರ್ನ್ ಡ್ಯಾನ್ಸರ್‌ನ ಮೊಮ್ಮಗ. ಬೆಂಗಳೂರು, ಮೈಸೂರಿನ ಓಟದ ಅಂಗಳಗಳಲ್ಲಿ ಓಡುವ ಕುದುರೆಗಳ ವಂಶಾವಳಿ ಬಿಚ್ಚಿದರೆ ಅದೇ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಕುಣಿಗಲ್ ಇರುವ ನಾಡು ನಮ್ಮದು, ತಳಿ ಕಾಯುವುದೆಂದರೆ ಏನೆಂಬುದು ಇಲ್ಲಿಗೆ ಹೊಸದಲ್ಲ. ಹೆಣ್ಣು ಕುದುರೆಗಳ ಸಂಖ್ಯೆಗೆ ಮಿತಿ ಬೇಕು. ಪ್ರಕಟಿತ ಫೀಸಿನ ಜೊತೆಗೆ, ಆ ಕುದುರೆಗೆ ಹುಟ್ಟಿದ ಮರಿಗಳೆಷ್ಟು, ಓಟಕ್ಕೆ ಬಂದವೆಷ್ಟು, ಗೆದ್ದವೆಷ್ಟು ಎಂಬುದನ್ನು ಪ್ರತಿ ದೇಶದ ಸ್ಟಡ್ ಬುಕ್ ಒಂದೇ ಹಾಳೆಯಲ್ಲಿ ಪ್ರಕಟಿಸುವಂತಾಗಬೇಕು. ಭಾರತದ ಮಟ್ಟಿಗೆ ಪುಣೆಯಲ್ಲಿರುವ ಸ್ಟಡ್ ಬುಕ್ ಪ್ರಾಧಿಕಾರ ಇದನ್ನು ಯಾರ ಅಪ್ಪಣೆಗೂ ಕಾಯದೆ ಆರಂಭಿಸಬಹುದು. ಓದುಗರಲ್ಲಿಯೂ ಒಂದು ಕೋರಿಕೆ: ಇಂತಿಷ್ಟು ಕೋಟಿ ಫೀಸು, ಇಂತಿಷ್ಟು ಕೋಟಿ ಹರಾಜು ಎಂಬ ಸುದ್ದಿ ಮುಂದಿನ ಸಲ ಕಣ್ಣಿಗೆ ಬಿದ್ದಾಗ, ಆ ಕುದುರೆಯ ನೂರು ಮರಿಗಳಲ್ಲಿ ಎಷ್ಟು ಮರಿಗಳು ಗಟ್ಟಿ ಕಾಲಿನ ಮೇಲೆ ಓಟದ ಅಂಗಳ ಮುಟ್ಟಿದವು ಎಂದು ಮೊದಲು ಕೇಳಿ.